ಹಿಗ್ಗುವ ಬಟ್ಟೆಗೆ ಅಂಚು ಮಡಚಿದ ಕಾಲ

ಕಲ್ಯಾಣ ಬಿಟ್ಟು ಕರ್ಜತ್ ಕಡೆಗೆ ತಿರುಗುವ ಮುಂಬಯಿಯ ಲೋಕಲ್ ಗಾಡಿ ಮೊದಲು ನಿಲ್ಲುವುದು ವಿಠ್ಠಲವಾಡಿಯಲ್ಲಿ. ಕಲ್ಯಾಣ್ ಪೂರ್ವ ಎಲ್ಲಿ ಮುಗಿಯಿತು, ಉಲ್ಲಾಸನಗರ ಎಲ್ಲಿ ಶುರುವಾಯಿತು ಎಂದು ಹೊಸಬರಿಗೆ ಇಲ್ಲಿ ತಿಳಿಯುವುದಿಲ್ಲ. ತೀರ್ಥಹಳ್ಳಿ ಕಡೆಯಿಂದ ಮದುವೆಯಾಗಿ ಬಂದ ಹೆಂಗಸೊಬ್ಬರು ಅದಕ್ಕೊಂದು ಗುರುತು ಕಂಡುಕೊಂಡಿದ್ದರು. ಬಟ್ಟೆ ಅಂಗಡಿಯಲ್ಲಿ ಮೀಟರ್ ಕೋಲು ಹೋಗಿ ತಕ್ಕಡಿ ಕಂಡರೆ ಉಲ್ಲಾಸನಗರ ಬಂತೆಂದು ಲೆಕ್ಕ. ನೆರೆಹೊರೆಯ ಕನ್ನಡದವರ ಬಾಯಲ್ಲಿ ಆಕೆ ಟೈಲರಕ್ಕ, ಮರಾಠಿ ಮನೆಗಳಲ್ಲಿ ಕಾಕು, ಸಿಂಧಿ ಅಂಗಡಿಗಳಲ್ಲಿ ದೀದಿ.

ತಕ್ಕಡಿಯಲ್ಲಿ ತೂಗುತ್ತಿದ್ದುದು ಹೊಸೈರಿ ಬಟ್ಟೆ. ಟೀ ಶರ್ಟಿಗೆ ಬರುವ ತೆಳು ಬಟ್ಟೆಗೆ ಪೇಟೆಯಲ್ಲಿ ಸಿಂಕರ್ ಎಂಬ ಹೆಸರು. ಕಾಲರಿನ ಟೀ ಶರ್ಟಿಗೆ ಮ್ಯಾಟಿ, ಕುತ್ತಿಗೆಗೆ ಮತ್ತು ತೋಳಿನ ತುದಿಗೆ ರಿಬ್. ಉಲ್ಲಾಸನಗರದ ಗಲ್ಲಿಗಳಲ್ಲಿ ಹೊಲಿಗೆ ಯಂತ್ರದ ಸದ್ದಿಲ್ಲದ ಓಣಿ ಹುಡುಕುವುದು ಕಷ್ಟ. ಎರಡನೆಯ ಮಹಾಯುದ್ಧದ ಸೈನಿಕರಿಗೆಂದು ಕಟ್ಟಿದ ಕಲ್ಯಾಣ್ ಕ್ಯಾಂಪಿನ ಬ್ಯಾರಕ್ಕುಗಳಲ್ಲಿ ದೇಶ ವಿಭಜನೆಯಾದ ಮೇಲೆ ಸಿಂಧ್‌ನಿಂದ ಬಂದ ನಿರಾಶ್ರಿತರನ್ನು ಇರಿಸಿದರು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅಲ್ಲಿ ಹೊಸ ಊರಿಗೆ ಅಡಿಗಲ್ಲು ಹಾಕಿದರು. ಉಲ್ಲಾಸ ನದಿಯ ಹೆಸರನ್ನೇ ಊರಿಗಿಟ್ಟರು. ಮನೆಮಠ ಕಳೆದುಕೊಂಡು ಬಂದವರು ಕೈಗೆ ಸಿಕ್ಕ ಕಸುಬು ಹಿಡಿದರು. ಬಟ್ಟೆ, ಹೊಲಿಗೆ, ಆಮೇಲೆ ಜೀನ್ಸ್. ಬಳ್ಳಾರಿಯ ಜೀನ್ಸ್ ಗೊತ್ತಿರುವ ಕನ್ನಡಿಗರಿಗೆ ಉಲ್ಲಾಸನಗರದ ಜೀನ್ಸ್ ಕೇರಿಗಳ ಚಿತ್ರ ಬಿಡಿಸಿ ಹೇಳಬೇಕಿಲ್ಲ.

ಟೈಲರಕ್ಕನ ಗಂಡ ಶಹಾಡದ ರೇಯಾನ್ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕಿದ್ದರು. ಮರದ ತಿರುಳನ್ನು ಕರಗಿಸಿ ನೂಲು ತೆಗೆಯುವ ಕೆಲಸ. ಮನೆಗೆ ಬಂದದ್ದು ತವರಿನ ಕಪ್ಪು ಉಷಾ ಮೆಷಿನ್ನು. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ತಯಾರಾಗತೊಡಗಿದ ಈ ಯಂತ್ರ ಭಾರತದ ಎಷ್ಟೋ ಮನೆಗಳ ಹೆಣ್ಣುಮಕ್ಕಳ ಮೊದಲ ಸಂಪಾದನೆ. ಊರಿನ ಮಹಿಳಾ ಮಂಡಳಿಯ ಹೊಲಿಗೆ ಕ್ಲಾಸಿನಲ್ಲಿ ಕಲಿತಿದ್ದು ಲಂಗ, ರವಿಕೆ, ಫ್ರಾಕು, ಪೈಜಾಮ. ವಿಠ್ಠಲವಾಡಿಯ ಚಾಳಿನಲ್ಲಿ ಮೊದಮೊದಲು ಬಂದದ್ದೂ ಅದೇ ಕೆಲಸ: ಸೀರೆಗೆ ಫಾಲ್, ರವಿಕೆ, ಹಬ್ಬಕ್ಕೆ ಮಕ್ಕಳ ಬಟ್ಟೆ.

ಆಮೇಲೆ ಬಟ್ಟೆಯೇ ಬದಲಾಯಿತು. ಶಾಲೆಗಳು ವ್ಯಾಯಾಮದ ದಿನಕ್ಕೆ ಬಣ್ಣದ ಟೀ ಶರ್ಟು, ಟ್ರ್ಯಾಕ್ ಪ್ಯಾಂಟು ಎಂದವು. ಬೆಳೆಯುವ ಮಕ್ಕಳಿಗೆ ಒಂದು ಸೈಜ್ ದೊಡ್ಡದೇ ತರುವುದು ಎಲ್ಲ ತಾಯಂದಿರ ಪದ್ಧತಿ. ತಂದ ಮೇಲೆ ಅಂಚು ಮಡಚಿ ಹೊಲಿಸಬೇಕು, ಮುಂದಿನ ವರ್ಷ ಬಿಚ್ಚಬೇಕು. ಮನೆಯ ಗಂಡಸರು ಕಿಲೋ ಲೆಕ್ಕದಲ್ಲಿ ಸಿಕ್ಕುವ ಎಕ್ಸ್‌ಪೋರ್ಟ್ ಸರಕಿನ ಟೀ ಶರ್ಟ್ ತಂದರೆ ಅದು ಮೊಣಕಾಲಿನ ಹತ್ತಿರಕ್ಕೆ ಬರುತ್ತಿತ್ತು. ಜೂನ್ ತಿಂಗಳಲ್ಲಿ ಇಂಥ ಬಟ್ಟೆಗಳ ಗುಡ್ಡೆಯೇ ಟೈಲರಕ್ಕನ ಬಾಗಿಲಿಗೆ ಬಂತು. ಎಷ್ಟೋ ಬಟ್ಟೆ ಆಗಲೇ ಬೇರೆ ಕಡೆ ಹೊಲಿಸಿ ಕೆಟ್ಟು ಬಂದವು. ಹುಡುಗ ತಲೆಯ ಮೇಲಿಂದ ಒಮ್ಮೆ ತೆಗೆದದ್ದೇ ಅಂಚಿನ ದಾರ ಚಟ್ ಎಂದು ಹರಿದಿರುತ್ತಿತ್ತು. ಕೆಲವಕ್ಕೆ ಹೊಲಿಗೆ ಗಟ್ಟಿಯಿದ್ದರೂ ಅಂಚು ಅಲೆಅಲೆಯಾಗಿ ಎದ್ದಿರುತ್ತಿತ್ತು. ಇನ್ನು ಕೆಲವು ಒಂದೆರಡು ಒಗೆತದ ಮೇಲೆ ಹೊಲಿಗೆಯ ಸಾಲಿಗೇ ಸಣ್ಣ ಸಣ್ಣ ತೂತು ಬಿಟ್ಟಿರುತ್ತಿದ್ದವು. ಸುತ್ತಲಿನ ಮನೆ ಟೈಲರುಗಳಲ್ಲಿ ಅನೇಕರು ಹೊಸೈರಿ ಬಟ್ಟೆ ಮುಟ್ಟುವುದಿಲ್ಲ ಎಂದುಬಿಟ್ಟರು. ಆದರೆ ರವಿಕೆ ಹೊಲಿದ ಕೈಗೆ ಈ ಬಟ್ಟೆ ಪೂರ್ತಿ ಅಪರಿಚಿತವೇನೂ ಅಲ್ಲ. ಟೈಲರಕ್ಕ ಹಿಡಿದ ಎಳೆ ಅದೇ.

ರವಿಕೆಯ ಕುತ್ತಿಗೆಗೆ ಕ್ರಾಸ್ ಪಟ್ಟಿ ಕತ್ತರಿಸಿದವರಿಗೆಲ್ಲ ಗೊತ್ತು: ನೇಯ್ದ ಬಟ್ಟೆ ಉದ್ದಕ್ಕೂ ಅಡ್ಡಕ್ಕೂ ಬಿಗಿ, ಓರೆಯಾಗಿ ಹಿಡಿದು ಎಳೆದರೆ ಮಾತ್ರ ಹಿಗ್ಗುತ್ತದೆ. ಹಾಗೆ ಕತ್ತರಿಸಿದ ಪಟ್ಟಿಯನ್ನು ಎಳೆದು ಹೊಲಿದರೆ ಕುತ್ತಿಗೆ ಸುಕ್ಕಾಗುತ್ತದೆ. ಹೊಲಿಗೆ ಕ್ಲಾಸಿನಲ್ಲಿ ಮೊದಲು ಹೇಳಿಕೊಡುವ ಎಚ್ಚರಿಕೆಗಳಲ್ಲಿ ಇದೂ ಒಂದು. ಹೊಸೈರಿ ಬಟ್ಟೆ ನೇಯ್ದದ್ದಲ್ಲ, ಹೆಣೆದದ್ದು. ಹಾಸು ಹೊಕ್ಕು ಎಂಬ ಎರಡು ನೂಲಿನ ಸಾಲು ಅಲ್ಲಿಲ್ಲ. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಬಂದು ಬಟ್ಟೆಯಾಗುತ್ತದೆ. ಎಳೆದಾಗ ಕುಣಿಕೆ ಅಗಲವಾಗುತ್ತದೆ, ಬಿಟ್ಟಾಗ ಹಿಂದಕ್ಕೆ ಬರುತ್ತದೆ. ಕೈಯಲ್ಲಿ ಸ್ವೆಟರ್ ಹೆಣೆದವರು ಮಾಡುವುದನ್ನೇ ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರಕ್ಕೆ ಕಲಿಸಿದ. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ಇಂದು ತಿರುಗುವ ಯಂತ್ರಗಳಿಗೆ ಮೂಲ ಅದು. 1958ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಜೋಸೆಫ್ ಶಿವರ್ಸ್ ಲೈಕ್ರಾ ಎಂಬ ನೂಲು ತಯಾರಿಸಿದ ಮೇಲೆ ಹಿಗ್ಗಿದ ಬಟ್ಟೆ ಮತ್ತೆ ಮತ್ತೆ ತನ್ನ ಅಳತೆಗೇ ಮರಳುವಂತಾಯಿತು.

ಇಂಥ ಬಟ್ಟೆಯ ಮೇಲೆ ಕಪ್ಪು ಮೆಷಿನ್ನಿನ ನೇರ ಹೊಲಿಗೆ ಹರಿಯುವುದಕ್ಕೆ ಕಾರಣ ದಾರದ ಗುಣವಲ್ಲ, ದಾರದ ಉದ್ದ. ಮೇಲಿನ ದಾರವೂ ಬಾಬಿನ್ ದಾರವೂ ಬಟ್ಟೆಯ ನಡುವೆ ಗಂಟು ಬಿದ್ದು ಸರಳರೇಖೆಯಲ್ಲಿ ಸಾಗುತ್ತವೆ. ಬಟ್ಟೆ ಕಾಲುಭಾಗ ಹಿಗ್ಗಿದರೆ ದಾರವೂ ಅಷ್ಟು ಹಿಗ್ಗಬೇಕು. ಅದಕ್ಕೆ ಎಲ್ಲಿಂದಲೂ ಹೆಚ್ಚಿನ ದಾರ ಸಿಕ್ಕುವುದಿಲ್ಲ. ಅಂಗಡಿಯ ಟೀ ಶರ್ಟಿನ ಅಂಚನ್ನು ತಿರುಗಿಸಿ ನೋಡಿದರೆ ಈ ತೊಡಕನ್ನು ಕಾರ್ಖಾನೆಯವರು ಹೇಗೆ ಬಿಡಿಸಿಕೊಂಡಿದ್ದಾರೆಂದು ತಿಳಿಯುತ್ತದೆ. ಮೇಲೆ ಎರಡು ನೇರ ಸಾಲು, ಒಳಗೆ ಅವೆರಡನ್ನೂ ಕೂಡಿಸುವ ಸಡಿಲ ದಾರದ ಜಾಲ. ಹೊಸೈರಿ ಕಸುಬಿನವರ ಮಾತಿನಲ್ಲಿ ಅದು ಫ್ಲ್ಯಾಟ್‌ಲಾಕ್. ಆ ಯಂತ್ರದಲ್ಲಿ ಬಾಬಿನ್ನೇ ಇಲ್ಲ. ಕೆಳಗಿನ ಲೂಪರ್ ದಾರವನ್ನು ಅತ್ತಿಂದಿತ್ತ ಒಯ್ಯುತ್ತದೆ. ಎಳೆದಾಗ ಆ ಜಾಲ ಬಿಚ್ಚಿಕೊಂಡು ದಾರ ಕೊಡುತ್ತದೆ.

ಉಲ್ಲಾಸನಗರದಲ್ಲಿ ಬಟ್ಟೆ ತರಲು ಹೋದಾಗಲೆಲ್ಲ ಟೈಲರಕ್ಕ ಇಂಥ ಯಂತ್ರದ ಮುಂದೆ ನಿಂತು ನೋಡುತ್ತಿದ್ದರು. ಉತ್ತರ ಪ್ರದೇಶದಿಂದ ಬಂದ ವಯಸ್ಸಾದ ಕಾರೀಗರರೊಬ್ಬರು ಒಂದು ಸೂಜಿ ತೆಗೆದು ತುದಿಯನ್ನು ಬೆರಳಿನ ಮೇಲೆ ಆಡಿಸಲು ಹೇಳಿದರು. ಅದರ ತುದಿ ಚುಚ್ಚಲಿಲ್ಲ. ಬಾಲ್ ಪಾಯಿಂಟ್ ಸೂಜಿ. ಮೊನಚು ಸೂಜಿ ಕುಣಿಕೆಯ ನೂಲನ್ನೇ ಸೀಳುತ್ತದೆ, ದುಂಡು ತುದಿಯದು ನೂಲನ್ನು ಪಕ್ಕಕ್ಕೆ ಸರಿಸಿ ಕುಣಿಕೆಗಳ ನಡುವೆ ಇಳಿಯುತ್ತದೆ. ಒಗೆದ ಮೇಲೆ ಕಾಣಿಸಿಕೊಳ್ಳುವ ತೂತುಗಳ ಗುಟ್ಟು ಇಷ್ಟೇ: ಹೊಲಿಯುವಾಗ ಸೀಳಿದ ಕುಣಿಕೆ ಆಮೇಲೆ ಬಿಚ್ಚುತ್ತದೆ. ಕಾರ್ಖಾನೆಯ ಸೂಜಿ ಮನೆಯ ಮೆಷಿನ್ನಿಗೆ ಹೊಂದುವುದಿಲ್ಲ. ಮನೆ ಮೆಷಿನ್ನಿನ ಸೂಜಿಗೆ ಒಂದು ಮಗ್ಗುಲು ಚಪ್ಪಟೆ. ಆ ನಮೂನೆಯಲ್ಲೇ 11ನೇ ನಂಬರಿನ ದುಂಡು ತುದಿಯ ಸೂಜಿ ಸಿಗುತ್ತದೆಂದು ಕೇಳಿ, ಕಲ್ಯಾಣದ ಬಿಡಿಭಾಗದ ಅಂಗಡಿಯಲ್ಲಿ ಹುಡುಕಿ ತಂದರು. ದಪ್ಪ ಮ್ಯಾಟಿಗೆ 14. ಕೆಲವು ಲೈಕ್ರಾ ಬಟ್ಟೆಗೆ ಇದೂ ಸಾಲದೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿತ್ತು. ಸೂಜಿ ಮೇಲೇರುವಾಗ ಬಟ್ಟೆ ಅದಕ್ಕೆ ಅಂಟಿಕೊಂಡು ತಾನೂ ಏಳುತ್ತದೆ. ದಾರ ಬಳೆಯಾಗಿ ನಿಲ್ಲುವುದಿಲ್ಲ. ಕೆಳಗಿನ ಕೊಕ್ಕೆಗೆ ಹಿಡಿಯಲು ಏನೂ ಸಿಗುವುದಿಲ್ಲ. ಅದಕ್ಕೆಂದೇ ಸ್ಟ್ರೆಚ್ ಸೂಜಿ ಬರುತ್ತದೆ. ಅದರ ಹಿಂಬದಿಯ ತಗ್ಗು ಹೆಚ್ಚು ಆಳ, ಕೊಕ್ಕೆ ಅಷ್ಟು ಹತ್ತಿರ ಬರುತ್ತದೆ.

ಮನೆ ಟೈಲರುಗಳ ಮಾತಿನಲ್ಲಿ ಸೂಜಿಗೆ ಸಿಗುವ ಗೌರವ ಬಹಳ ಕಡಿಮೆ. ಮುರಿಯುವ ತನಕ ಒಂದೇ ಸೂಜಿ ನಡೆಯುತ್ತದೆ. ಬಟ್ಟೆಗೆ ತಕ್ಕ ಸೂಜಿ ಹಾಕುವ ಈ ಅಗ್ಗದ ಬದಲಾವಣೆಯಿಂದಲೇ ಹೊಸೈರಿಯ ಅರ್ಧ ತೊಂದರೆ ಹೋಗುತ್ತದೆ ಎಂಬುದನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

2005ರ ಜುಲೈ 26. ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿದ್ದ ಆ ದಿನ ಉಲ್ಲಾಸ ನದಿಯೂ ವಾಲಧುನಿಯೂ ದಡ ಮೀರಿದವು. ಬದ್ಲಾಪುರ, ಉಲ್ಲಾಸನಗರ, ಕಲ್ಯಾಣದ ತಗ್ಗಿನ ವಸತಿಗಳೆಲ್ಲ ನೀರಿನಲ್ಲಿ ನಿಂತವು. ಟೈಲರಕ್ಕನ ಚಾಳು ನೆಲಮಟ್ಟದ್ದು. ಮಕ್ಕಳನ್ನೂ ಅಕ್ಕಿ ಡಬ್ಬವನ್ನೂ ಅಟ್ಟಕ್ಕೆ ಏರಿಸಿದರು, ಮೆಷಿನ್ನನ್ನು ಏರಿಸಲಾಗಲಿಲ್ಲ. ಗಿರಾಕಿಗಳ ಬಟ್ಟೆಗೂ ಕೆಸರು ಹತ್ತಿತು. ನೀರು ಇಳಿದ ಮೇಲೆ ಚಾಳಿನವರೆಲ್ಲ ಸೇರಿ ಆ ಬಟ್ಟೆಗಳನ್ನು ಒಗೆದರು. ಮೆಷಿನ್ನಿನ ಒಳಭಾಗ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದರೂ ಷಟಲ್ ಮೊದಲಿನ ಹಾಗೆ ತಿರುಗಲಿಲ್ಲ.

ಚೀಟಿಯ ಹಣ ಎತ್ತಿ ಮುಂದೆ ಕೊಂಡದ್ದು ಜಿಗ್‌ಜಾಗ್ ಮೆಷಿನ್ನು. ಟೀ ಶರ್ಟಿನ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡೇ ಆರಿಸಿದ್ದು. ಮೋಟಾರಿದ್ದರೂ ಕಾಲಿನ ಸ್ಟ್ಯಾಂಡಿಗೆ ಕೂರಿಸಿ ಬೆಲ್ಟ್ ಹಾಕಿಸಿದರು. ಆಗ ಕಲ್ಯಾಣ, ಉಲ್ಲಾಸನಗರಗಳಲ್ಲಿ ಗಂಟೆಗಟ್ಟಲೆ ಲೋಡ್ ಶೆಡ್ಡಿಂಗ್ ಇತ್ತು. ಮುಂಬಯಿ ನಗರಕ್ಕೆ ಆ ಕಷ್ಟ ಇರಲಿಲ್ಲ. ಕರೆಂಟು ಹೋದರೂ ಕಾಲು ನಡೆಯುತ್ತಿತ್ತು.

ಜಿಗ್‌ಜಾಗ್ ಎಂದರೆ ಮೊದಲೇ ದಾರವನ್ನು ಅಂಕುಡೊಂಕಾಗಿ ಹಾಕಿ ಹೆಚ್ಚಿನ ಉದ್ದವನ್ನು ಹೊಲಿಗೆಯಲ್ಲೇ ಕೂಡಿಟ್ಟಂತೆ. ಅಂಚಿಗೆ ಅಗಲ ಜಿಗ್‌ಜಾಗ್ ಚೆಂದ ಕಾಣುವುದಿಲ್ಲ. ಅಗಲ ಒಂದು ಮಿಲಿಮೀಟರಿಗೂ ಕಡಿಮೆ, ಉದ್ದ ಎರಡೂವರೆ ಮಿಲಿಮೀಟರ್ ಇಟ್ಟರೆ ಮೇಲಿನಿಂದ ನೇರ ಹೊಲಿಗೆಯ ಹಾಗೆಯೇ ಕಾಣುತ್ತದೆ, ಎಳೆದರೆ ಹರಿಯುವುದಿಲ್ಲ. ದಾರ ಹತ್ತಿಯದಲ್ಲ, ಪಾಲಿಯೆಸ್ಟರ್. ಹೊಸೈರಿಯ ಕತ್ತರಿಸಿದ ಅಂಚಿನಿಂದ ನೂಲು ಎದ್ದು ಬರುವುದಿಲ್ಲವಾದ್ದರಿಂದ ಲಂಗಕ್ಕೆ ಮಾಡುವ ಹಾಗೆ ಎರಡು ಸಲ ಮಡಚಬೇಕಿಲ್ಲ. ಒಂದೇ ಮಡಿಕೆ, ಎರಡು ಸೆಂಟಿಮೀಟರ್. ಎರಡು ಸಲ ಮಡಚಿದರೆ ಅಂಚು ಹಗ್ಗದಂತೆ ದಪ್ಪವಾಗಿ ನಿಲ್ಲುತ್ತದೆ.

ಅಲೆಯ ತೊಂದರೆ ಉಳಿದಿತ್ತು. ಅದನ್ನು ಬಿಡಿಸಿಕೊಟ್ಟವಳು ತಂಗಿಯ ಮಗಳು. ಬೆಂಗಳೂರಿನ ಪೀಣ್ಯದಲ್ಲಿ ಗಾರ್ಮೆಂಟ್ಸಿನ ಕೆಲಸ ಮಾಡುತ್ತಿದ್ದ ಹುಡುಗಿ, ದೀಪಾವಳಿ ರಜೆಗೆ ದೊಡ್ಡಮ್ಮನ ಮನೆಗೆ ಬಂದಿದ್ದಳು. ಕಾರ್ಖಾನೆಯಲ್ಲಿ ಒಂದು ಟೀ ಶರ್ಟನ್ನು ಒಬ್ಬರೇ ಹೊಲಿಯುವುದಿಲ್ಲ. ಭುಜ ಒಬ್ಬರು, ಕುತ್ತಿಗೆಯ ರಿಬ್ ಒಬ್ಬರು, ತೋಳು ಒಬ್ಬರು, ಪಕ್ಕದ ಹೊಲಿಗೆ ಇನ್ನೊಬ್ಬರು. ಅವಳ ಪಾಲಿಗೆ ಬಂದದ್ದು ಬಾಟಮ್ ಹೆಮ್, ಕೆಳ ಅಂಚು. ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್. ಅಂಚು ಬಿಟ್ಟು ಬೇರೇನೂ ಹೊಲಿಯದ ಹುಡುಗಿಗೆ ಅಂಚಿನ ಬಗ್ಗೆ ಗೊತ್ತಿದ್ದಷ್ಟು ಇಡೀ ಉಡುಪು ಹೊಲಿಯುವ ಟೈಲರುಗಳಿಗೂ ಗೊತ್ತಿರಲಿಲ್ಲ. ಗಾರ್ಮೆಂಟ್ಸ್ ಹೆಣ್ಣುಮಕ್ಕಳ ದುಡಿಮೆಯ ಬಗ್ಗೆ ಬರೆಯುವವರು ಸಂಬಳ, ಬಸ್ಸು, ಸೂಪರ್‌ವೈಸರ್ ಗದರಿಕೆ ಎಲ್ಲವನ್ನೂ ಬರೆಯುತ್ತಾರೆ; ಬರೆಯಲೇಬೇಕು. ಅವರ ಬೆರಳಿನಲ್ಲಿರುವ ಈ ವಿದ್ಯೆಯ ಬಗ್ಗೆಯೂ ಯಾರಾದರೂ ಬರೆಯಬೇಕಿತ್ತು.

"ದೊಡ್ಡಮ್ಮಾ, ಹಿಂದಿಂದ ಎಳೀಬೇಡಿ. ಅದು ತಾನಾಗೇ ಹೋಗ್ತದೆ. ಕೈ ಇಡೋದು ದಾರಿ ತೋರಿಸೋಕೆ ಮಾತ್ರ," ಎಂದಳು.

"ಎಳೀದೆ ಇದ್ರೆ ಸುಕ್ಕು ಬರ್ತದಲ್ಲೇ ಮಾರಾಯ್ತಿ?"

"ಕಾಲು ಬಿಗಿ ಇದೆ, ಅದಕ್ಕೇ. ಮೇಲಿನ ಸ್ಕ್ರೂ ಸಡಿಲ ಮಾಡಿ ನೋಡಿ."

ಮೆಷಿನ್ನಿನ ತಲೆಯ ಮೇಲಿರುವ ಆ ತಿರುಪನ್ನು ಅಷ್ಟು ವರ್ಷ ಯಾರೂ ಮುಟ್ಟಿರಲಿಲ್ಲ. ಬಟ್ಟೆಯನ್ನು ಒತ್ತಿ ಹಿಡಿಯುವ ಕಾಲಿನ ಭಾರ ಅದರಿಂದ ಹೆಚ್ಚು ಕಡಿಮೆಯಾಗುತ್ತದೆ. ಕೆಳಗಿನ ಹಲ್ಲು ಕೆಳಪದರವನ್ನು ಮುಂದಕ್ಕೆ ತಳ್ಳುತ್ತದೆ, ಮೇಲಿನ ಕಾಲು ಮೇಲ್ಪದರವನ್ನು ಒತ್ತಿ ಹಿಡಿಯುತ್ತದೆ. ನೇಯ್ದ ಬಟ್ಟೆ ಈ ಜಗ್ಗಾಟ ತಡೆಯುತ್ತದೆ. ಹೆಣೆದ ಬಟ್ಟೆ ಹಿಗ್ಗಿಬಿಡುತ್ತದೆ, ಹಿಗ್ಗಿದ ಸ್ಥಿತಿಯಲ್ಲೇ ಅದರ ಮೇಲೆ ಹೊಲಿಗೆ ಬೀಳುತ್ತದೆ. ಆಮೇಲೆ ಹಿಂದಕ್ಕೆ ಬರಲು ದಾರ ಬಿಡುವುದಿಲ್ಲ. ಅದೇ ಅಲೆ. ಕಾರ್ಖಾನೆಯ ಯಂತ್ರಗಳಲ್ಲಿ ಹಿಂದೊಂದು ಮುಂದೊಂದು ಹಲ್ಲಿನ ಸಾಲಿದ್ದು, ಎರಡರ ವೇಗವನ್ನೂ ಬೇರೆ ಬೇರೆ ಇಡಬಹುದು. ಹಿಗ್ಗುವ ಬಟ್ಟೆಗೆ ಮುಂದಿನ ಹಲ್ಲು ಹೆಚ್ಚು ಬಟ್ಟೆ ಒದಗಿಸುತ್ತದೆ. ಮನೆ ಮೆಷಿನ್ನಿನಲ್ಲಿ ಆ ಅನುಕೂಲವಿಲ್ಲ. ತಿರುಪು ಸಡಿಲಿಸಿ, ತೀರಾ ತೆಳು ಬಟ್ಟೆಯಾದರೆ ಅಡಿಗೆ ಬಟರ್ ಪೇಪರಿನ ಪಟ್ಟಿಯಿಟ್ಟು ಹೊಲಿದು, ಆಮೇಲೆ ಕಾಗದ ಹರಿದು ತೆಗೆಯಬೇಕು. ಇಷ್ಟಾದರೂ ಸಣ್ಣ ಅಲೆ ಉಳಿದರೆ ಇಸ್ತ್ರಿಯ ಹಬೆ ಸಾಕು. ಇಸ್ತ್ರಿಯನ್ನು ಉಜ್ಜದೆ ಒತ್ತಿ ಎತ್ತಬೇಕು.

ಗಂಜಿಯ ಉಪಾಯ ಮಾತ್ರ ಟೈಲರಕ್ಕನದೇ. ಸಿಂಕರ್ ಬಟ್ಟೆಯನ್ನು ಅಡ್ಡಕ್ಕೆ ಕತ್ತರಿಸಿದ ಕೂಡಲೇ ಅಂಚು ಮೇಲ್ಮೈ ಕಡೆಗೆ ಸುರುಳಿ ಸುತ್ತಿಕೊಳ್ಳುತ್ತದೆ. ಒಂದೇ ಬದಿಗೆ ಹೆಣೆದ ಕುಣಿಕೆಗಳ ಸೆಳೆತ ಅದಕ್ಕೆ ಕಾರಣ. ಗುಂಡುಪಿನ್ನು ಚುಚ್ಚಿದರೂ ಬಿಡುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ಹತ್ತಿ ಸೀರೆಗೆ ಗಂಜಿ ಹಾಕುವುದನ್ನು ನೋಡುತ್ತ ಬೆಳೆದವರು ಅಂಚನ್ನಷ್ಟೇ ಗಂಜಿ ತಿಳಿಯಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿದರು. ಒಣಗಿದ ಅಂಚು ಕಾಗದದ ಹಾಗೆ ನೆಟ್ಟಗೆ ನಿಂತಿತು. ಅಳತೆ ಗೀರಲೂ ಸುಲಭ, ಮಡಚಲೂ ಸುಲಭ, ಮೆಷಿನ್ನಿನ ಕಾಲಿನಡಿ ಹಿಗ್ಗುವುದೂ ಕಡಿಮೆ. ಹೊಲಿದಾದ ಮೇಲೆ ಒಗೆದರೆ ಗಂಜಿ ಹೋಯಿತು. ಕುಚ್ಚಲಕ್ಕಿಯ ಕೆಂಪು ಗಂಜಿ ತಿಳಿಬಣ್ಣದ ಬಟ್ಟೆಗೆ ಆಗದು, ಬೆಳ್ತಿಗೆಯದೇ ಬೇಕು. ಸೊಸೈಟಿ ಕಟ್ಟಡಗಳ ಗಿರಾಕಿಗಳು ಹೊಸ ಕಾಲದ ಸ್ಪ್ರೇ ಡಬ್ಬಿ ತಂದುಕೊಟ್ಟಾಗಲೂ ಟೈಲರಕ್ಕ ಬಸಿದ ಗಂಜಿಯನ್ನು ಬಿಡಲಿಲ್ಲ.

ಲೆಗಿಂಗ್ಸ್ ಬಂದದ್ದು ಈ ಎಲ್ಲದರ ನಂತರ. ಲೋಕಲ್ ಗಾಡಿಯ ಹೆಂಗಸರ ಡಬ್ಬಿಯಲ್ಲಿ ಕ್ಲಿಪ್ಪು, ಕಿವಿಯೋಲೆ ಮಾರುವವರ ಜೊತೆಗೆ ಬಣ್ಣಬಣ್ಣದ ಲೆಗಿಂಗ್ಸಿನ ಕಟ್ಟು ಹೊತ್ತವರೂ ಕಾಣಿಸಿಕೊಂಡರು. ಕೆಲವೇ ವರ್ಷಗಳಲ್ಲಿ ಸಲ್ವಾರ್ ಹೊಲಿಸುವವರು ಅರ್ಧಕ್ಕರ್ಧ ಕಡಿಮೆಯಾದಂತೆ ಮನೆ ಟೈಲರುಗಳಿಗೆ ಅನ್ನಿಸಿತು. ಸಲ್ವಾರಿನ ಹೊಲಿಗೆಯನ್ನೇ ನಂಬಿದವರಿಗೆ ಅದು ದೊಡ್ಡ ಹೊಡೆತ. ಟೈಲರಕ್ಕನಿಗೆ ಬಂದದ್ದು ಲೆಗಿಂಗ್ಸಿನ ಪಾದದ ಅಂಚು ಗಿಡ್ಡ ಮಾಡುವ ಕೆಲಸ. ಟೀ ಶರ್ಟಿನ ಕೆಳ ಅಂಚು ಧರಿಸುವಾಗಲೂ ತೆಗೆಯುವಾಗಲೂ ಸ್ವಲ್ಪ ಹಿಗ್ಗಿದರೆ ಸಾಕು. ಲೆಗಿಂಗ್ಸಿನ ಕಿರಿದಾದ ಅಂಚು ಹಿಮ್ಮಡಿಯನ್ನು ದಾಟಬೇಕು. ಹೊಲಿಗೆಯ ನಿಜವಾದ ಪರೀಕ್ಷೆ ಅಲ್ಲಿ.

ಅದಕ್ಕೆ ಟೈಲರಕ್ಕ ಅವಳಿ ಸೂಜಿ ಹಿಡಿದರು. ಒಂದೇ ಬುಡಕ್ಕೆ ಎರಡು ಸೂಜಿ; ಪೊಟ್ಟಣದ ಮೇಲಿನ 4/75 ಎಂದರೆ ಸೂಜಿಗಳ ನಡುವೆ ನಾಲ್ಕು ಮಿಲಿಮೀಟರ್ ಅಂತರ, ದಪ್ಪ 75. ಮೇಲೆ ಎರಡು ಉಂಡೆ ದಾರ, ಕೆಳಗೆ ಒಂದೇ ಬಾಬಿನ್. ಆ ಒಂದು ದಾರ ಎರಡೂ ಸೂಜಿಯ ದಾರವನ್ನು ಹಿಡಿಯಲು ಅತ್ತಿಂದಿತ್ತ ಓಡಾಡಿ ಅಡಿಯಲ್ಲಿ ಜಿಗ್‌ಜಾಗ್ ಆಗುತ್ತದೆ. ಹೊರಗಿನಿಂದ ಅಂಗಡಿಯ ಅಂಚಿನಂತೆಯೇ ಎರಡು ಸಾಲು. ಹಳೆಯ ನೇರ ಹೊಲಿಗೆಯ ಮೆಷಿನ್ನಿನ ತಟ್ಟೆಗೆ ಒಂದೇ ದುಂಡು ತೂತು, ಅಲ್ಲಿ ಅವಳಿ ಸೂಜಿ ಹಾಕಿದರೆ ಮುರಿದು ಹಾರುತ್ತದೆ. ಜಿಗ್‌ಜಾಗ್ ಮೆಷಿನ್ನಿನ ಉದ್ದ ತೂತೇ ಬೇಕು. ಟೆನ್ಷನ್ ಬಿಗಿಯಿದ್ದರೆ ಎರಡು ಸಾಲಿನ ನಡುವೆ ಬಟ್ಟೆ ಉಬ್ಬಿ ಏರಿಯಂತೆ ನಿಲ್ಲುತ್ತದೆ. ಮೇಲಿನ ಟೆನ್ಷನ್ ಇಳಿಸಿ, ಬಾಬಿನ್ನಿಗೆ ಓವರ್‌ಲಾಕಿನ ಉಬ್ಬು ನೈಲಾನ್ ದಾರವನ್ನು ಎಳೆಯದೆ ಕೈಯಲ್ಲೇ ಸಡಿಲವಾಗಿ ಸುತ್ತಿದರೆ ಆ ಏರಿ ಮಾಯ.

ಹಿಗ್ಗುವ ಬಟ್ಟೆಯ ಕೆಲಸ ಟೈಲರಕ್ಕ ಕೈಗೆತ್ತಿಕೊಳ್ಳುವ ಮೊದಲು ಮಾಡುತ್ತಿದ್ದದ್ದು ಹತ್ತು ಸೆಂಟಿಮೀಟರಿನ ಲೆಕ್ಕ. ಬಟ್ಟೆಯನ್ನು ಅಡ್ಡಕ್ಕೆ ಮಡಚಿ, ಸ್ಕೇಲಿನ ಮೇಲೆ ಹತ್ತು ಸೆಂಟಿಮೀಟರ್ ಹಿಡಿದು, ಸಲೀಸಾಗಿ ಎಷ್ಟು ಹೋಗುತ್ತದೋ ಅಷ್ಟು ಎಳೆಯುವುದು. ಹನ್ನೆರಡರ ಆಸುಪಾಸಿನಲ್ಲಿ ನಿಂತರೆ ಸಣ್ಣ ಜಿಗ್‌ಜಾಗ್. ಹದಿನೈದು ದಾಟಿದರೆ ಅವಳಿ ಸೂಜಿ, ಅಥವಾ ಒಂದೊಂದು ಓರೆಗೂ ಮೂರು ಹೊಲಿಗೆ ಹಾಕುವ ಜಿಗ್‌ಜಾಗ್. ಅದೇ ಬಟ್ಟೆಯ ಕತ್ತರಿಸಿದ ಚಿಂದಿಯ ಮೇಲೆ ಹೊಲಿದು ಅಷ್ಟೇ ಉದ್ದಕ್ಕೆ ಎಳೆದು ನೋಡಿದ ಮೇಲೆಯೇ ಗಿರಾಕಿಯ ಬಟ್ಟೆ ಮೆಷಿನ್ನಿನ ಕೆಳಗೆ ಹೋಗುತ್ತಿತ್ತು. ಒಗೆಯದ ಹೊಸ ಬಟ್ಟೆಯನ್ನು ಹಿಂದಕ್ಕೆ ಕಳಿಸುತ್ತಿದ್ದರು. ಹತ್ತಿಯ ಹೊಸೈರಿ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಗಿಡ್ಡ ಮಾಡಿದ ಮೇಲೆ ಕುಗ್ಗಿದರೆ ಯಾರು ಹೊಣೆ?

ಕಾರ್ಖಾನೆಯ ಅಂಚು ಬಿಚ್ಚುವುದಕ್ಕೂ ಒಂದು ಕ್ರಮವಿತ್ತು. ಬ್ಲೇಡು ಹಿಡಿದು ಕೆರೆಯುವವರನ್ನು ಕಂಡರೆ ಟೈಲರಕ್ಕನಿಗೆ ಸಿಟ್ಟು. ಫ್ಲ್ಯಾಟ್‌ಲಾಕ್ ಸರಪಳಿ ಹೊಲಿಗೆ. ಹೊಲಿಗೆ ಮುಗಿದ ತುದಿಯನ್ನು ಪತ್ತೆ ಹಚ್ಚಿ ಅಲ್ಲಿ ಸೂಜಿಯ ದಾರ ಕತ್ತರಿಸಿ, ಒಳಗಿನ ದಾರ ಎಳೆದರೆ ಇಡೀ ಸುತ್ತು ಸರ್ರನೆ ಬಿಚ್ಚುತ್ತದೆ. ಬಟ್ಟೆಗೆ ಒಂದು ಗೀರೂ ಬೀಳುವುದಿಲ್ಲ.

ಡೊಂಬಿವಲಿಯಲ್ಲಿ ಕರ್ನಾಟಕ ಸಂಘದ ಮಂಜುನಾಥ ಶಾಲೆಗೆ ಮಕ್ಕಳನ್ನು ಕಳಿಸುತ್ತಿದ್ದ ಪರಿಚಯದ ಮನೆಗಳಿದ್ದವು. ಅಲ್ಲಿಂದ ಒಬ್ಬರ ಮೂಲಕ ಒಬ್ಬರು ಬಂದರು. ಅಂಚು ಮಡಚಿಸಿಕೊಳ್ಳಲು ಬಂದ ಕೆಲವರು ಕಲಿಯಲು ಕೂತರು. ಕಲಿಸುವಾಗ ಟೈಲರಕ್ಕ ಎರಡೂ ಕೈಯನ್ನು ಬಟ್ಟೆಯ ಮೇಲೆ ಹಗುರ ಇಡಿಸಿ, ಕಾಲನ್ನು ಮಾತ್ರ ಆಡಿಸಲು ಹೇಳುತ್ತಿದ್ದರು. ಬಟ್ಟೆ ತನ್ನ ವೇಗದಲ್ಲಿ ಹೋಗುವುದನ್ನು ಕಣ್ಣಾರೆ ಕಾಣುವವರೆಗೆ ಅಂಚಿನ ಮಾತೇ ಇಲ್ಲ. ಕೈ ಎಳೆಯುವುದನ್ನು ಬಿಡಲು ರವಿಕೆ ಹೊಲಿದು ಪಳಗಿದವರಿಗೇ ಹೆಚ್ಚು ಸಮಯ ಬೇಕಾಗುತ್ತಿತ್ತು. ಏನೂ ಹೊಲಿಯದ ಕಾಲೇಜು ಹುಡುಗಿಯರು ಬೇಗ ಹಿಡಿದರು. ಹೊಲಿಗೆ ಯಂತ್ರವೇ ಇಲ್ಲದವರಿಗೆ ಕೈಯ ಹೆರಿಂಗ್‌ಬೋನ್ ಹೊಲಿಗೆ ತೋರಿಸಿದರು. ಎಡದಿಂದ ಬಲಕ್ಕೆ ಹೋಗುತ್ತ ಓರೆಯಾಗಿ ದಾರ ದಾಟಿಸುವ ಆ ಹೊಲಿಗೆ ಶಾಲೆಯ ಕಸೂತಿ ಪಟ್ಟಿಯಲ್ಲಿ ಎಲ್ಲರೂ ಹಾಕಿದ್ದೇ. ದಾರ ಬಿಗಿಯದಿದ್ದರೆ ಅದು ಜಿಗ್‌ಜಾಗ್ ಹೊಲಿಗೆಯಷ್ಟೇ ಹಿಗ್ಗುತ್ತದೆ.

ಪೀಣ್ಯದ ಹುಡುಗಿ ಕಾರ್ಖಾನೆ ಬಿಟ್ಟು ಮದುವೆಯಾಗಿ ತುಮಕೂರು ಕಡೆ ಹೋದಳು. ಅಲ್ಲಿ ಹಳೆಯ ಫ್ಲ್ಯಾಟ್‌ಲಾಕ್ ಯಂತ್ರವೊಂದನ್ನು ಕೊಂಡು ಶಾಲೆಗಳ ಟ್ರ್ಯಾಕ್ ಪ್ಯಾಂಟು ಹೊಲಿಯುತ್ತಾಳೆ. ಯಂತ್ರದ ಲೂಪರ್ ದಾರ ತಪ್ಪಿದಾಗ ವಿಡಿಯೋ ಕಾಲ್‌ನಲ್ಲಿ ದೊಡ್ಡಮ್ಮನಿಗೆ ತೋರಿಸುವುದುಂಟು, ದೊಡ್ಡಮ್ಮ ಆ ಯಂತ್ರವನ್ನು ಎಂದೂ ಓಡಿಸಿದವರಲ್ಲದಿದ್ದರೂ. ವಿಠ್ಠಲವಾಡಿಗೆ ಈಗ ಬರುವ ಹೊಸ ಕೆಲಸ ಯೋಗದ ಪ್ಯಾಂಟು, ಸೈಕಲ್ಲಿನವರ ಬಿಗಿ ಚಡ್ಡಿ, ಉದ್ದಕ್ಕೂ ಅಡ್ಡಕ್ಕೂ ಹಿಗ್ಗುವ ನೈಲಾನ್ ಬಟ್ಟೆ. ಅದಕ್ಕೆ ಗಂಜಿ ಹಿಡಿಯುವುದಿಲ್ಲ, ಇಸ್ತ್ರಿ ತಾಗಿಸಿದರೆ ಕರಗುತ್ತದೆ. ಟೈಲರಕ್ಕ ಅದಕ್ಕೆ ಸ್ಟ್ರೆಚ್ ಸೂಜಿ, ಮೂರು ಹೊಲಿಗೆಯ ಜಿಗ್‌ಜಾಗ್, ಅಡಿಗೆ ಬಟರ್ ಪೇಪರ್ ಇಟ್ಟು ನೋಡುತ್ತಿದ್ದಾರೆ. ಹಿಮ್ಮಡಿಯ ಹತ್ತಿರದ ಸುತ್ತಿನಲ್ಲಿ ಕಾಗದ ಹರಿದು ತೆಗೆಯುವಾಗ ಹೊಲಿಗೆ ಜಗ್ಗುತ್ತದೆಂದು, ನೀರಿನಲ್ಲಿ ಕರಗುವ ಪೇಪರ್ ಉಲ್ಲಾಸನಗರದ ಎಂಬ್ರಾಯ್ಡರಿಯವರ ಬಳಿ ಸಿಗುತ್ತದೆಯೇ ಎಂದು ವಿಚಾರಿಸಲು ಮಗನಿಗೆ ಹೇಳಿದ್ದಾರೆ.